ಇಲ್ಲದ ದ್ವೀಪದ ಸಿಹಿನೀರು

ಹೋರ್ನ್ ಬಂದರಿನಲ್ಲಿ ಅಳಿಯ ಡೌವೆ ತನ್ನ ಹಡಗಿನಿಂದ ನೀರಿನ ಪೀಪಾಯಿಗಳನ್ನು ಇಳಿಸುತ್ತಿದ್ದಾನೆಂದು ಮಗಳು ನೇಲ್ ಹೇಳಿದ್ದೇ ತಡ, ಮುದುಕ ವೈಬ್ರಾಂಟ್ ಗಂಜಿಯ ಬಟ್ಟಲು ಬಿಟ್ಟು ಎದ್ದು ಬಂದರಿಗೆ ಧಾವಿಸಿದ. ಮೂವತ್ತು ಪೀಪಾಯಿ. ಆ ಜಾಗಕ್ಕೆ ಗಿನಿ ಕರಾವಳಿಯಲ್ಲಿ ಮಾರುವ ಬಟ್ಟೆಯ ಮೂಟೆ. ನೀರಿಗೇನು ಕೊರತೆ, ದಾರಿಯಲ್ಲಿ ವೈಬ್ರಾಂಟನದೇ ಪುಸ್ತಕದ ದ್ವೀಪವಿದೆಯಲ್ಲ, ಅದರಲ್ಲಿ ಸಿಹಿನೀರಿನ ಎರಡು ಬುಗ್ಗೆಗಳು ಬೇರೆ ಎಂಬುದು ಡೌವೆಯ ಲೆಕ್ಕ.

ಆ ದ್ವೀಪ ಎಲ್ಲೂ ಇರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ವೈಬ್ರಾಂಟ್ ಹಡಗಿನ ಕ್ಷೌರಿಕನಾಗಿ ಗಿನಿಗೆ ಹೋಗಿದ್ದ, ಅರ್ಧ ದಾರಿ ಜ್ವರದಲ್ಲೇ ಕಳೆದಿದ್ದ. ಆ ಪ್ರಯಾಣದ ಬಗ್ಗೆ ಬರೆದ ಪುಸ್ತಕ ತೆಳ್ಳಗಾಯಿತೆಂದು ಮುದ್ರಕ ಗೊಣಗಿದಾಗ, ಒಂದು ಮಧ್ಯಾಹ್ನ ಬಿಯರ್ ಹೀರುತ್ತ ದ್ವೀಪ ಹುಟ್ಟಿಸಿದ. ಪುಸ್ತಕ ಕೊಂಡ ನಾಲ್ಕು ಜನರಲ್ಲಿ ಒಬ್ಬ ನಕ್ಷೆ ಬರೆಯುವವನಾಗಿದ್ದದ್ದು ಇವನ ಗ್ರಹಚಾರ.

"ಡೌವೆ, ಆ ದ್ವೀಪ ಇಲ್ಲ ಕಣಪ್ಪ. ನಾನೇ ಕಟ್ಟಿದ ಕತೆ."

"ನಕ್ಷೇಲಿ ಇದೆಯಲ್ಲ ಮಾವ."

"ನಕ್ಷೆಯವನು ನನ್ನ ಪುಸ್ತಕ ನೋಡಿ ಬರ್ಕೊಂಡಿದಾನೆ."

"ನಮ್ಮ ಹಾರ್ಮೆನ್ ಅಲ್ಲಿ ನೀರು ಕುಡ್ದು ಬಂದಿದಾನೆ. ಅದಕ್ಕೇ ಅವನಿಗೆ ಚುಕ್ಕಾಣಿ ಕೊಟ್ಟಿದ್ದು. ಹೇಳಯ್ಯ ಹಾರ್ಮೆನ್."

"ತಣ್ಣಗಿತ್ತು," ಎಂದ ಹಾರ್ಮೆನ್. "ಹಲ್ಲು ಜುಂ ಅನ್ನೋಷ್ಟು."

ಅದು ಪುಸ್ತಕದ್ದೇ ಮಾತು. ವೈಬ್ರಾಂಟ್ ಅವನ ತೋಳು ಹಿಡಿದು ಹಗ್ಗದ ರಾಶಿಯ ಹಿಂದಕ್ಕೆ ಎಳೆದ.

"ನಿಜ ಹೇಳ್ಬಿಡೋ. ಹಡಗಲ್ಲಿ ಇಪ್ಪತ್ತಾರು ಜೀವ ಇವೆ."

"ಹೇಳಿದ್ರೆ ನಾಳೆಯಿಂದ ಮತ್ತೆ ಮೀನಿಗೆ ಉಪ್ಪು ಹಾಕ್ಕೊಂಡು ಕೂರ್ಬೇಕು ನಾನು. ನೀವು ಬರೆದ್ರಿ, ನಾನು ಹೂಂ ಅಂದೆ. ದಾರೀಲಿ ಮಳೆ ಬರುತ್ತೆ, ನೀರು ಸಿಗುತ್ತೆ ಬಿಡಿ ಅಜ್ಜ."

ವೈಬ್ರಾಂಟ್ ದಂಡೆಗೆ ಬಂದು, ಇವನೂ ಸುಳ್ಳ, ನಾನೂ ಸುಳ್ಳ ಎಂದು ಗಂಟಲು ಹರಿಯುವಂತೆ ಕೂಗಿದ. ಮೂಟೆ ಹೊರುವವರು ನಕ್ಕರು. "ಅಳಿಯನ್ನ ಮನೇಲಿ ಕಟ್ಟಿಹಾಕೋಕೆ ಮುದುಕಪ್ಪನ ನಾಟಕ ನೋಡ್ರೋ," ಎಂದನೊಬ್ಬ.

ಹಿಂದೆಯೇ ಬಂದಿದ್ದ ನೇಲ್ ಅವನ ಕೈ ಹಿಡಿದಳು. "ನಾನು ಚಿಕ್ಕೋಳಿದ್ದಾಗ ಆ ನೀರಿನ ರುಚಿ ಹೇಳ್ತಾ ನಿನಗೆ ಕಣ್ಣು ತುಂಬ್ತಿತ್ತಲ್ಲಪ್ಪ. ಅದೂ ಸುಳ್ಳಾ?"

"ಅದೂ ಕಣೇ."

"ಸುಮ್ನಿರಪ್ಪ. ನಿನ್ನ ಮರ್ಯಾದೆ ನೀನೇ ಕಳ್ಕೋಬೇಡ," ಎಂದು ಅವಳು ಅವನ ಟೋಪಿ ಸರಿಮಾಡಿದಳು. ಇಷ್ಟು ಚೆನ್ನಾಗಿ ಯಾಕೆ ಬರೆದೆನೋ ಎಂದು ಅವನು ತನ್ನನ್ನೇ ಶಪಿಸಿಕೊಂಡ.

ಗಾಳಿ ತಿರುಗಿತು, ಹಡಗು ಹೊರಟಿತು. ನೇಲ್ ಕರವಸ್ತ್ರ ಬೀಸಿದಳು, ಡೌವೆ ಟೋಪಿ ಎತ್ತಿದ. ಚುಕ್ಕಾಣಿಯ ಬಳಿ ಹಾರ್ಮೆನ್ ಒಬ್ಬನೇ ಯಾರ ಕಡೆಗೂ ಕೈಯೆತ್ತದೆ, ದಂಡೆಯಲ್ಲಿ ಬಿಟ್ಟುಬಂದ ಪೀಪಾಯಿಗಳನ್ನೇ ನೋಡುತ್ತಿದ್ದ.