ತಪ್ಪದ ಕೈ

ನಾನು ಮುಂಗೋಪಿ. ಮೊದಲೇ ಹೇಳಿಬಿಡುವುದು ವಾಸಿ. ಸೆಕೊಂಡಿ ಎಂಬ ಬಂದರು ಪೇಟೆಯಲ್ಲಿ ನಲವತ್ತು ವರ್ಷದಿಂದ ಕ್ಷೌರ ಮಾಡಿಕೊಂಡು ಬಂದವನು. ಅಂಗಡಿಯ ಬೋರ್ಡಿನ ಮೇಲೆ ‘ತಪ್ಪದ ಕೈ’ ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದೇನೆ. ಕೊಬಿನನ ಕತ್ತಿ ಆಡಿದ ಗದ್ದದ ಮೇಲೆ ನೊಣ ಕೂತರೂ ಜಾರಿಬೀಳುತ್ತದೆ ಎಂದು ಜನ ಹೊಗಳುತ್ತಿದ್ದರು. ನಾನೂ ಅದನ್ನು ನಂಬಿ ಮೆರೆಯುತ್ತಿದ್ದೆ.

ಎಬೊ ನನ್ನ ಅಕ್ಕನ ಮಗ. ನಮ್ಮಲ್ಲಿ ಸ್ವಂತ ಮಗನಿಗಿಂತ ಸೋದರಳಿಯನೇ ಹೆಚ್ಚು. ನನ್ನ ನಂತರ ಈ ಕುರ್ಚಿ, ಕನ್ನಡಿ, ಕತ್ತಿ ಎಲ್ಲ ಅವನದೇ. ಅವನಿಗೆ ಬಂದರಿನ ದೊಡ್ಡ ಗೇಟಿನಲ್ಲಿ ಕಾವಲಿನ ಕೆಲಸ. ಗದ್ದದಲ್ಲಿ ಒಂದು ಎಳೆ ಗಡ್ಡ ಕಂಡರೂ ಅಲ್ಲಿನ ಮೇಲಧಿಕಾರಿ ಎಸಿಲ್ಫಿ ಹಾರಾಡುತ್ತಿದ್ದ. ಹಾಗಾಗಿ ದಿನ ಬಿಟ್ಟು ದಿನ ಎಬೊ ನನ್ನ ಕುರ್ಚಿಯಲ್ಲಿ ಕೂರಲೇಬೇಕಿತ್ತು.

ಎರಡು ವರ್ಷದ ಹಿಂದೆ ಅವನ ಕುತ್ತಿಗೆಯಲ್ಲಿ ಗುಳ್ಳೆ ಎದ್ದವು. ಮೊದಲು ಎರಡೋ ಮೂರೋ. ಆಮೇಲೆ ಗದ್ದದ ಕೆಳಗೆಲ್ಲ ಹರಡಿಕೊಂಡು, ಕೂದಲ ಬುಡಬುಡದಲ್ಲೂ ಕೀವು ತುಂಬಿ, ಕೆಲವು ಗಟ್ಟಿ ಗಂಟಾಗಿ ಕೂತವು. ಅಂಗಿಯ ಕಾಲರಿಗೆ ರಕ್ತ ಹತ್ತುತ್ತಿತ್ತು. ನಾನು ಮಾಡಿದ್ದೇನು? ಇನ್ನೂ ಒತ್ತಿ ಹೆರೆದೆ! ಚರ್ಮ ಎಳೆದು ಹಿಡಿದು, ಕೂದಲಿಗೆ ಎದುರಾಗಿ ಎರಡೆರಡು ಸಲ ಕತ್ತಿ ಆಡಿಸಿದೆ. ಒಳಗೆ ಸಿಕ್ಕಿಕೊಂಡ ಕೂದಲನ್ನು ಸೂಜಿಯಿಂದ ಕೆದಕಿ ತೆಗೆದೆ. ಮೇಲೆ ಸ್ಪಿರಿಟ್ ಬೇರೆ ಸುರಿದೆ. ಅವನ ಕಣ್ಣಲ್ಲಿ ನೀರು ಬಂದರೂ, “ಚೆನ್ನಾಗಾಯ್ತು ಮಾವ” ಎಂದು ಎದ್ದು ಹೋಗುತ್ತಿದ್ದ.

ಒಂದು ದಿನ ಎಸಿಲ್ಫಿ ಅವನನ್ನು ಗೇಟಿನಿಂದ ಪಕ್ಕಕ್ಕೆ ಕರೆದು, “ಈ ಮುಖ ಇಲ್ಲಿ ನಿಲ್ಲೋ ಹಾಗಿಲ್ಲ. ಹಡಗಿನೋರು ಅಂಟುರೋಗ ಅಂದ್ಕೊಳ್ತಾರೆ. ಒಂದು ತಿಂಗಳು ಟೈಮ್. ಸರಿಯಾಗ್ಲಿಲ್ಲ ಅಂದ್ರೆ ಮನೆಗೆ ಹೋಗ್ತಾ ಇರು” ಅಂದನಂತೆ. ಎಬೊನ ಹೆಂಡತಿ ತುಂಬು ಬಸುರಿ. ಅವನ ಕೈ ಹಿಡಿದು ಆರೋಗ್ಯ ಕೇಂದ್ರಕ್ಕೆ ಎಳೆದುಕೊಂಡು ಹೋದೆ.

ಅಲ್ಲಿನ ನರ್ಸ್ ಅರಬಾ ಅವನ ಗದ್ದ ಎತ್ತಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಇವರಿಗೆ ಕ್ಷೌರ ಮಾಡೋದು ಯಾರು?”

“ನಾನೇ,” ಎದೆಯುಬ್ಬಿಸಿ ಹೇಳಿದೆ.

“ಹಾಗಾದ್ರೆ ಕಾಯಿಲೆ ನೀವೇ, ಯಜಮಾನ್ರೆ.”

ನನಗೆ ಮೈಯೆಲ್ಲ ಉರಿದುಹೋಯಿತು. “ಏನಮ್ಮಾ, ನೀನು ಹುಟ್ಟೋಕೆ ಮುಂಚೆ ಕತ್ತಿ ಹಿಡಿದೋನು ನಾನು!”

“ಅದಕ್ಕೇ ಹೇಳ್ತಿರೋದು. ನಮ್ಮ ಜನದ ಕೂದಲು ಸುರುಳಿ ಅಲ್ವಾ? ನೀವು ಅದನ್ನ ಚರ್ಮದೊಳಗಿಂದ ಕತ್ತರಿಸ್ತೀರ. ಚೂಪಾಗಿ ಬೆಳೆದು ಬಾಗಿ ವಾಪಸ್ ಚರ್ಮಕ್ಕೇ ಚುಚ್ಕೊಳ್ಳುತ್ತೆ. ಊದಿಕೊಳ್ಳುತ್ತೆ. ಮತ್ತೆ ಹೆರೀತೀರ, ಮತ್ತೆ ಚುಚ್ಚುತ್ತೆ. ಇನ್ನೊಂದು ವರ್ಷ ಹಿಂಗೇ ಮಾಡಿದ್ರೆ ಈ ಗಂಟುಗಳು ಸಾಯೋವರೆಗೂ ಹೋಗಲ್ಲ.”

ಕತ್ತಿ ಮುಟ್ಟಕೂಡದು, ಸೂಜಿ ಮುಟ್ಟಕೂಡದು, ಸ್ಪಿರಿಟ್ ಬೇಡವೇ ಬೇಡ. ದಿನಾ ಬಿಸಿನೀರಿನ ಬಟ್ಟೆ ಒತ್ತಿ ಮುಲಾಮು ಹಚ್ಚಬೇಕು. ಎಲ್ಲ ಆರಿದ ಮೇಲೂ ಮಷೀನಿನಲ್ಲಿ ಸ್ವಲ್ಪ ಕೂದಲು ಉಳಿಸಿಯೇ ಕತ್ತರಿಸಬೇಕು. ಇಷ್ಟು ಹೇಳಿ, ಗಡ್ಡ ಬಿಡಲು ಅನುಮತಿ ಕೋರಿ ಚೀಟಿಯನ್ನೂ ಬರೆದುಕೊಟ್ಟಳು. ದಾರಿಯುದ್ದಕ್ಕೂ ನಾನು ಅವಳನ್ನು ಬೈದೆ.

ಮರುದಿನ ಅವನು ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತ. “ಮಾಡ್ಬಿಡು ಮಾವ.”

“ಚೀಟಿ ಕೊಟ್ಯೇನೋ?”

“ಕೊಟ್ಟೆ. ‘ಚೀಟಿ ಯಾರು ಬೇಕಾದ್ರೂ ತರ್ತಾರೆ. ಮನೇಲೇ ತಪ್ಪದ ಕೈ ಇಟ್ಕೊಂಡು ಕ್ಷೌರ ಆಗಲ್ಲ ಅಂತೀಯಾ’ ಅಂತ ಎಸಿಲ್ಫಿ ಸಾಹೇಬ್ರು ಬೈದ್ರು.”

ಅವನು ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದ. ಆ ಕುತ್ತಿಗೆಯನ್ನು ನಾನು ಅವತ್ತು ಮೊದಲ ಸಲ ಸರಿಯಾಗಿ ನೋಡಿದೆ. ಪ್ರತಿ ಗುಳ್ಳೆಯ ನಡುವೆ ಒಂದು ಕಪ್ಪು ಎಳೆ, ಬಾಗಿ ಒಳಗೇ ಹೊಕ್ಕಿತ್ತು. ಆ ಹುಡುಗಿ ಹೇಳಿದ್ದು ಅಕ್ಷರಶಃ ನಿಜ. ಕತ್ತಿ ಮಡಚಿಟ್ಟು, “ಏಳೋ, ನಡಿ” ಎಂದೆ.

ಬಂದರಿನ ಗೇಟಿನಲ್ಲಿ ಪಾಳಿ ಬದಲಾಗುವ ಹೊತ್ತು. ಸಾಲಾಗಿ ನಿಂತವರಲ್ಲಿ ಅರ್ಧಕ್ಕರ್ಧ ನನ್ನ ಗಿರಾಕಿಗಳೇ. ಅವರೆಲ್ಲರ ಎದುರಿಗೆ ಜೋರಾಗಿಯೇ ಹೇಳಿದೆ: “ಎಸಿಲ್ಫಿ ಸಾಹೇಬ್ರೆ, ಇವನ ಕುತ್ತಿಗೆ ಹಾಳು ಮಾಡಿದ್ದು ನನ್ನ ಕೈ. ತಪ್ಪು ನಂದು. ಇವನಿಗೆ ಗಡ್ಡ ಬಿಡೋಕೆ ಬಿಡಿ.”

“ಅಯ್ಯಯ್ಯೋ, ತಪ್ಪದ ಕೈ ತಪ್ಪಿತಲ್ಲಪ್ಪೋ!” ಯಾರೋ ಕೂಗಿದರು. ಗೇಟೆಲ್ಲ ಗೊಳ್ಳೆಂದಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಎಸಿಲ್ಫಿ ಮಾತ್ರ ನಗಲಿಲ್ಲ. ನನ್ನನ್ನು ಗೋಡೆಯ ಹಿಂದಕ್ಕೆ ಕರೆದು ಕಾಲರ್ ಜಗ್ಗಿ ತೋರಿಸಿದ. “ಕೊಬಿನ, ನಂದೂ ಅದೇನಾ ನೋಡು?” ಅದೇ ಆಗಿತ್ತು. ಅವನೂ ನನ್ನ ಗಿರಾಕಿಯೇ ತಾನೆ! ಎಬೊನಿಗೆ ಅನುಮತಿ ಅಲ್ಲೇ ಸಿಕ್ಕಿತು.

ಆರು ವಾರ ನಾನೇ ಅವನ ಕುತ್ತಿಗೆಗೆ ಬಿಸಿ ಬಟ್ಟೆ ಒತ್ತಿದೆ. ಕೀವು ಒಣಗಿತು, ಕೆಂಪು ಇಳಿಯಿತು, ಗಂಟುಗಳು ಮೆತ್ತಗಾದವು. ಆರನೇ ಶನಿವಾರ ಮಷೀನು ಹಿಡಿದು, ಅಕ್ಕಿಕಾಳಿನಷ್ಟು ಗಡ್ಡ ಉಳಿಸಿ ಕತ್ತರಿಸಿದೆ. ಅವನು ಕನ್ನಡಿಯಲ್ಲಿ ನೋಡಿಕೊಂಡು ಗದ್ದ ಸವರಿ, “ಬರ್ತೀನಿ ಮಾವ” ಎಂದಷ್ಟೇ ಹೇಳಿ ಹೋದ. ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಉಪಕಾರ ಪಡೆದ ದಿನವೇ ಧನ್ಯವಾದ ಹೇಳಿ ಮುಗಿಸುವವರು ನಾವಲ್ಲ. ಮಾರನೇ ಬೆಳಿಗ್ಗೆ, ಬೇರೆ ಕೆಲಸಕ್ಕೆ ಕೈ ಹಾಕುವ ಮುಂಚೆ, ಮನೆಬಾಗಿಲಿಗೆ ಹೋಗಿ ಹೇಳಬೇಕು.

ಬೆಳಕು ಹರಿಯುತ್ತಿದ್ದಂತೆ ಬಾಗಿಲು ತಟ್ಟಿದ. ಕೈಯಲ್ಲಿ ಒಂದು ಬುಟ್ಟಿ ಮೊಟ್ಟೆ.

“ನಿನ್ನೆದಕ್ಕೆ ಬಂದೆ ಮಾವ. ಆವತ್ತು ಗೇಟಲ್ಲಿ ಹೇಳಿದ್ಯಲ್ಲ, ಅದಕ್ಕೂ.”

“ಅಲ್ವೋ ಪೆದ್ದ, ಅಷ್ಟು ಉರೀತಿದ್ರೆ ಬೇರೆ ಅಂಗಡಿಗೆ ಹೋಗೋಕೆ ಏನಾಗಿತ್ತು?”

ಅವನು ತಲೆ ತಗ್ಗಿಸಿದ. “ಅರಬಾ ಹೋದ ವರ್ಷಾನೇ ಹೇಳಿದ್ರು, ಈ ಕತ್ತಿ ಬಿಡು ಅಂತ. ಯಾರ ಕತ್ತಿ ಅಂತ ನಾನು ಹೇಳಿರ್ಲಿಲ್ಲ.”

“ಹೋದ ವರ್ಷ! ಮತ್ತೆ?”

“ಅಪ್ಪ ಸತ್ತಾಗ ನಂಗೆ ಏಳು ವರ್ಷ. ತಲೆ ಬೋಳಿಸ್ಬೇಕು ಅಂದಾಗ ಹೆದರಿ ಓಡ್ಹೋಗಿದ್ದೆ. ನೀನು ಹಿಡ್ಕೊಂಡು ಬಂದು ತೊಡೆ ಮೇಲೆ ತಲೆ ಇಟ್ಕೊಂಡೆ. ಬಿಕ್ಕಿ ಬಿಕ್ಕಿ ಅಳ್ತಿದ್ದೆ, ಆದ್ರೂ ಒಂದು ಗೀರು ಬೀಳ್ಲಿಲ್ಲ. ಆ ಕೈ ಬೇಡ ಅಂತ ಹೇಳೋಕೆ ಬಾಯಿ ಬರ್ಲಿಲ್ಲ ಮಾವ.”

ಬುಟ್ಟಿ ಕಿತ್ತುಕೊಂಡು, “ಹೋಗು, ಡ್ಯೂಟಿಗೆ ಲೇಟಾಗುತ್ತೆ” ಎಂದು ಗದರಿಸಿ ಕಳಿಸಿ, ಒಳಗೆ ಹೋಗಿ ಅತ್ತುಬಿಟ್ಟೆ.

ಮಾರನೇ ಬೆಳಿಗ್ಗೆ ಮೆಕ್ಕೆಜೋಳದ ಬಿಸಿ ಕೆಂಕಿ ಉಂಡೆ, ಹುರಿದ ಮೀನು ಕಟ್ಟಿಸಿಕೊಂಡು ನಾನೇ ಹೊರಟೆ. ಹಿರಿಯನೊಬ್ಬ ಅಳಿಯನ ಬಾಗಿಲಿಗೆ ಈ ಹೊತ್ತಿನಲ್ಲಿ ಹೋಗುವುದನ್ನು ನೋಡಿ ಬೀದಿಯವರು ಬಾಯಿ ಬಿಟ್ಟರು. ಬಿಡಲಿ. ಎಬೊ ಅಂಗಳದಲ್ಲಿ ಕುತ್ತಿಗೆಗೆ ಬಟ್ಟೆ ಒತ್ತಿಕೊಂಡು ನಿಂತಿದ್ದ.

“ಏನ್ ಮಾವ, ಇಷ್ಟು ಬೇಗ?”

“ನಿನ್ನೆದಕ್ಕೆ ಬಂದೆ,” ಎಂದೆ. “ನಿನ್ನೆದಕ್ಕೆ ಮಾತ್ರ ಅಲ್ಲ ಕಣೋ. ಎರಡು ವರ್ಷದ್ದಕ್ಕೆ.”

ಅವನ ಕೈಲಿದ್ದ ಬಟ್ಟೆ ಜಾರಿತು. ಮೂಗು ಒರೆಸಿಕೊಂಡು, “ಹಾಗಾದ್ರೆ ನಾಳೆ ನಾನು ಬರ್ಬೇಕಾಗುತ್ತೆ” ಎಂದ.

“ಬಂದ್ರೆ ಕಾಲು ಮುರೀತೀನಿ!”

ಮಾರನೇ ಬೆಳಿಗ್ಗೆ ಬಂದೇ ಬಂದ.