ಎಡಮಗ್ಗುಲ ಅಲಗು

ಅರ್ಧಕ್ಕೇ ನಿಂತುಬಿಡುತ್ತದೆ, ಎಷ್ಟು ಎಳೆದರೂ ಅಷ್ಟೇ, ಅಲಗು ಅರ್ಧ ಹೊರಗೆ ಅರ್ಧ ಹಿಡಿಯೊಳಗೆ, ಏನೋ ಹೇಳಹೊರಟು ನುಂಗಿಕೊಂಡವರ ಬಾಯಿಯ ಹಾಗೆ, ಕೀಲಿಗೆ ಇನ್ನೊಂದು ಹನಿ ಹೊಲಿಗೆ ಮಿಷನ್ನಿನ ಎಣ್ಣೆ ಬಿಟ್ಟು ಕಾಯಬೇಕು, ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ಹಳೆ ಪೇಪರು ಹಾಸಿ ಕೂತು ಆಗಲೇ ಒಂದು ಗಂಟೆ, ಶನಿವಾರದ ಬೆಳಗಿನ ಸ್ಕೂಲು ಮುಗಿಸಿ ಬಂದವಳು ಸೀರೆಯನ್ನೂ ಬದಲಾಯಿಸಿಲ್ಲ, ಬೆರಳ ಸಂದಿಗೆಲ್ಲ ತುಕ್ಕು, ಹುಣಸೇಹಣ್ಣಿನ ನೀರು ಕಾಫಿ ಗಸಿಯಂತಾಗಿದೆ, ಮೂರನೇ ತರಗತಿಯ ನೋಟ್‌ಬುಕ್ಕುಗಳು ಒಳಗೆ ಮೇಜಿನ ಮೇಲೆ ತಿದ್ದದೆ ಬಿದ್ದಿವೆ, ಬೀಳಲಿ. ಅಪ್ಪನ ಚಾಕು ಸಿಕ್ತು ಕಣಕ್ಕ, ಎಂದು ತಮ್ಮ ರಘು ಮೊನ್ನೆ ಬೇಲೂರು ಬಸ್‌ಸ್ಟ್ಯಾಂಡಿನ ಹತ್ತಿರ ಬೈಕು ನಿಲ್ಲಿಸಿ, ಇಳಿಯದೆಯೇ, ಕೈಗೆ ಹಾಕಿದ ಪ್ಲಾಸ್ಟಿಕ್ ಕವರು, ಒಳಗೆ ಇದು, ಮಡಿಸುವ ಕಸಿ ಚಾಕು, ತುಕ್ಕಿನ ಒಂದು ತುಂಡು, ನೀನು ಹಿತ್ತಾಳೆ ಗಿತ್ತಾಳೆ ಚೆನ್ನಾಗಿ ಬೆಳಗ್ತೀಯ, ಫಳಫಳ ಅನ್ನಂಗೆ ಮಾಡ್ಕೊಡು, ಭಾನುವಾರ ನರ್ಸರಿ ಓಪನಿಂಗು, ರಿಬ್ಬನ್ನು ಇದ್ರಲ್ಲೇ ಕಟ್ ಮಾಡದು, ಆಮೇಲೆ ಗಾಜಿನ ಪೆಟ್ಟಿಗೇಲಿ ಅಪ್ಪನ ಫೋಟೊ ಕೆಳಗೆ ಇಡದು — ಎಲ್ಲಿ ಸಿಕ್ತೋ ಎಂದರೆ ಅಮ್ಮನ ಟ್ರಂಕಿನಲ್ಲಿ, ಸೀರೆಗಳ ತಳದಲ್ಲಿ, ಎಂದ, ಹಾಗೆನ್ನುವಾಗ ಅವನಿಗೆ ಏನೂ ಅನ್ನಿಸಲಿಲ್ಲ, ಅಪ್ಪ ಸತ್ತು ಹನ್ನೊಂದು ವರ್ಷ, ಅಮ್ಮ ಹೋಗಿದ್ದು ಈ ಮಾಘದಲ್ಲಿ, ಅಪ್ಪನ ಚಾಕು ಅಪ್ಪನದೇ ಆಗಿದ್ದರೆ ಅಮ್ಮನ ಧಾರೆ ಸೀರೆಯ ಮಡಿಕೆಯೊಳಗೆ ಅದಕ್ಕೇನು ಕೆಲಸ, ಇಷ್ಟು ಕೇಳಿಕೊಳ್ಳಲಿಕ್ಕೂ ಅವನಿಗೆ ಪುರುಸೊತ್ತಿಲ್ಲ. ಆಮಂತ್ರಣ ಪತ್ರಿಕೆ ಫ್ರಿಜ್ಜಿನ ಮೇಲಿದೆ, ಕಸಿ ಗಂಗಾಧರಯ್ಯ ನರ್ಸರಿ, ಗೆಂಡೆಹಳ್ಳಿ ರಸ್ತೆ, ಅಪ್ಪನ ಹೆಸರಿಗೆ ಕಸಿ ಅಂಟಿಕೊಂಡು ನಲವತ್ತು ವರ್ಷವಾಗಿರಬೇಕು, ಮಾವಿನ ಕಸಿ ಗಿಡ ಬೇಕೆಂದರೆ ಸುತ್ತ ಹತ್ತೂರಿನವರು ಅವನ ಹೆಸರನ್ನೇ ಹೇಳುತ್ತಿದ್ದರು, ಕೆಳಗೆ ಸಣ್ಣಕ್ಷರದಲ್ಲಿ ಅಮ್ಮ, ದಿವಂಗತ ಶಿವಗಂಗಮ್ಮನವರ ಆಶೀರ್ವಾದಗಳೊಂದಿಗೆ, ಆಶೀರ್ವಾದವಂತೆ, ಅಷ್ಟೇ ಅವಳು ಕೊಟ್ಟಿದ್ದು.

ಈಗ ಸಡಿಲವಾಯಿತು, ಕಿರ್ರೆಂದು ಪೂರ್ತಿ ತೆರೆದುಕೊಂಡಿತು, ಉಪ್ಪುಕಾಗದದಲ್ಲಿ ಉಜ್ಜುತ್ತ ಬಂದಂತೆ ತುಕ್ಕಿನಡಿಯಿಂದ ಉಕ್ಕು ಮೇಲೇಳುತ್ತಿದೆ, ಮೊದಲು ಬೂದು, ಆಮೇಲೆ ನೀಲಿ, ಬೀಟೆ ಮರದ ಹಿಡಿ, ಮೂರು ಹಿತ್ತಾಳೆ ಮೊಳೆ, ಹಿಡಿಯ ಕೊನೆಗೆ ತೊಗಟೆ ಎಬ್ಬಿಸುವ ಹಿತ್ತಾಳೆಯ ಪುಟ್ಟ ನಾಲಿಗೆ — ತುದಿ ಮುಂದೆ ಬಾಯಿ ಕೆಳಗೆ ಮಾಡಿ ಹಿಡಿದು ನೋಡುತ್ತೇನೆ, ಕಸಿ ಚಾಕು ತರಕಾರಿ ಚಾಕುವಿನ ಹಾಗಲ್ಲ, ಸಾಣೆ ಒಂದೇ ಮಗ್ಗುಲಿಗೆ, ಇನ್ನೊಂದು ಮಗ್ಗುಲು ಸ್ಲೇಟಿನಂತೆ ಚಪ್ಪಟೆ, ಆ ಚಪ್ಪಟೆಯೇ ಕಡ್ಡಿಗೆ ಒರಗಿ ನೇರ ಕೊಯ್ಯಬೇಕು, ಬಲಗೈಯವರ ಚಾಕುವಾದರೆ ಇಳಿಜಾರು ಬಲಕ್ಕೆ, ಅಂಗಡಿಯಲ್ಲಿ ಸಿಗುವುದೆಲ್ಲ ಬಲಗೈಯವರದೇ, ಇದರ ಇಳಿಜಾರು ಎಡಕ್ಕೆ. ಎಡಕ್ಕೇ. ಗೊತ್ತಿತ್ತು, ಗೊತ್ತಿದ್ದೂ ಇನ್ನೊಮ್ಮೆ ತಿರುಗಿಸಿ ನೋಡಿದೆ, ಅಪ್ಪ ಬಲಗೈಯವನು, ಎಲೆಗೆ ಸುಣ್ಣ ಸವರುವುದು, ನನ್ನ ಕೆನ್ನೆಗೆ ಬಾರಿಸುವುದು ಎಲ್ಲ ಬಲಗೈಯಲ್ಲೇ. ಯಾವುದೋ ತರಬೇತಿಗೆ ಹೋಗಿ ಅಪ್ಪ ತಂದ ಚಾಕು, ನಾನಾಗ ಎರಡನೇ ಕ್ಲಾಸು, ಮೊದಲ ವರ್ಷ ಅವನು ಕಟ್ಟಿದ ಇನ್ನೂರು ಕಸಿಯೂ ಒಣಗಿ ಸೌದೆಯಾದವು, ಒಂದು ಕಡ್ಡಿಯನ್ನು ಮೂರು ಸಲ ನಾಲ್ಕು ಸಲ ಕೆತ್ತುತ್ತಿದ್ದ, ಸಿಟ್ಟು ಬಂದು ಚಾಕುವನ್ನು ಗೋಡೆಮೂಲೆಗೆ ಎಸೆದ, ಒಂದೇ ಎಳೆತಕ್ಕೆ ಬರ್ಬೇಕು ಕಣೇ ಪುಷ್ಪಿ, ಎರಡನೇ ಸಲ ಎಳುದ್ರೆ ಅದು ಗಾಯ, ಮೊದಲ್ನೇ ಸಲಕ್ಕೆ ಬಂದ್ರೆ ಬಾಯಿಗೆ ಬಾಯಿ ಕೂತ್ಕತದೆ, ಎಂದಳು ಅಮ್ಮ ನನಗೆ, ಅದನ್ನೆತ್ತಿಕೊಂಡು, ಎಡಗೈಯಲ್ಲಿ, ಅಮ್ಮನಿಗೆ ಎಡಗೈಯೇ ಕೈ, ಬಲಗೈಯವರ ಚಾಕು ಎಡಗೈಯಲ್ಲಿ ಜಾರಿತು, ಬಲ ಹೆಬ್ಬೆರಳನ್ನು ಎಲುಬು ಕಾಣುವಷ್ಟು ಕೊಯ್ದುಕೊಂಡಳು, ಅರಿಶಿನ ಮೆತ್ತಿ ಬಟ್ಟೆ ಸುತ್ತಿಕೊಂಡು ಮರುದಿನವೇ ಮಸೆಯಲು ಕೂತಳು, ಹಳೇಬೀಡಿನಲ್ಲಿ ವಿಗ್ರಹ ಕೆತ್ತುವವರ ಹತ್ತಿರ ಉಳಿ ಮಸೆಯುವ ಕಲ್ಲೊಂದನ್ನು ಕಾಡಿ ಬೇಡಿ ತಂದು, ಸರಕ್ ಸರಕ್ ಎಂದು, ಮುದ್ದೆ ತಿರುವಿದ ಮೇಲೆ, ಎಮ್ಮೆ ಕರೆದ ಮೇಲೆ, ಇಪ್ಪತ್ತು ದಿನ, ಬಲದ ಇಳಿಜಾರನ್ನು ಪೂರಾ ಸವೆಸಿ ಎಡಕ್ಕೆ ಇಳಿಜಾರು ತರುವವರೆಗೆ, ಅದಕ್ಕೇ ಅಲಗು ಇಷ್ಟು ಸಪೂರ, ಅರ್ಧ ಉಕ್ಕನ್ನು ಆ ಕಲ್ಲೇ ಕುಡಿಯಿತು. ರಘು ಹೇಳುತ್ತಾನೆ, ಬೈಕಿನ ಮೇಲಿಂದಲೇ, ಸಾಣೆಯವನ ಮಿಷನ್ನಿಗೆ ಕೊಟ್ಟು ಬಲಗಡೀಕೆ ಸಾಣೆ ಹಿಡಿಸ್ಬಿಡಕ್ಕ, ರಜೇಲಿ ಬಂದಾಗ ಕುಯ್ದು ನೋಡಿದ್ದೆ, ಒಂಥರಾ ವಾರೆ ವಾರೆ ಕುಯ್ತಿತ್ತು, ಜನದ ಮುಂದೆ ರಿಬ್ಬನ್ನು ಸಿಕ್ಕಾಕ್ಕಂಡ್ರೆ ಮರ್ವಾದೆ ಹೋಗ್ತದೆ, ಐದು ನಿಮಿಷದ ಕೆಲ್ಸ. ಐದು ನಿಮಿಷ.

ಬಚ್ಚಲಮನೆಯ ಹಿಂದೆ ಗರಿ ಚಪ್ಪರ, ಅದರಡಿ ಅಮ್ಮ, ಸುತ್ತ ವಾಟೆಯಿಂದ ಎಬ್ಬಿಸಿದ ಮಾವಿನ ಸಸಿಗಳು, ಸಸಿಯ ತಲೆ ಕೊಯ್ದು ನಡುವೆ ಸೀಳಿ, ಒಳ್ಳೆ ಮರದಿಂದ ತಂದ ಚಿಗುರುಕಡ್ಡಿಯ ಬುಡವನ್ನು ಬೆಣೆಯಂತೆ ಕೆತ್ತಿ ಅದರೊಳಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಬಿಗಿದು ಸುತ್ತಿ, ಒಂದಾಯಿತು, ಇನ್ನೊಂದು, ದಿನಕ್ಕೆ ನೂರು, ಮುಂಬಾಗಿಲಲ್ಲಿ ಯಾರಾದರೂ ಗಂಗಾಧರಯ್ಯಾರೇ ಎಂದರೆ ಸಾಕು, ಅಪ್ಪ ಚಪ್ಪರದ ಬಾಯಿಗೆ ಬಂದು, ಮುಖ ಬಂದವರ ಕಡೆಗೇ ಇಟ್ಟುಕೊಂಡು, ಹಿಂದಕ್ಕೆ ಕೈ ಚಾಚುತ್ತಿದ್ದ, ಅಂಗೈ ಮೇಲೆ ಮಾಡಿ, ಅವಳತ್ತ ನೋಡುತ್ತಲೂ ಇರಲಿಲ್ಲ, ಅಮ್ಮ ಚಾಕು ಮಡಿಸಿ, ಸೆರಗಿಗೊರೆಸಿ, ಎಡಗೈ ನೀಡಿ ಆ ಅಂಗೈ ಮೇಲೆ ಇಡುತ್ತಿದ್ದಳು, ಅಷ್ಟೇ, ಬಂದವರ ಮುಂದೆ ಚಾಕು ಅಪ್ಪನ ಜೇಬಿನಿಂದ ಹೊರಬರುತ್ತಿತ್ತು. ಹೆಂಗಸು ಕಟ್ಟಿದ ಕಸಿ ಅಂದ್ರೆ ಯಾವನ್ಲಾ ತಗತಾನೆ, ಅದೂ ಎಡಗೈಲಿ, ಎಂದು ಅವನು ತನ್ನ ಗೆಳೆಯನಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ, ಸುಳ್ಳೇನಲ್ಲ, ಯಾರೂ ತೆಗೆದುಕೊಳ್ಳುತ್ತಿರಲಿಲ್ಲ, ದೊಡ್ಡಮನೆಯ ಸುವರ್ಣಮ್ಮ ಗಿಡಕ್ಕೆ ಬಂದಾಗ ಮೊದಲು ಕೇಳಿದ್ದೇ ಅದು, ಹೆಂಗಸ್ರು ಮುಟ್ಟಿಲ್ಲ ತಾನೇ ಗಂಗಾಧರ, ಮೊದಲ್ನೇ ಹಣ್ಣು ದೇವರ ಮುಂದೆ ಇಡದು, ಯಾರಾರಾ ಹೊರಗಾದೋರು ಮುಟ್ಟಿದ್ರೆ ಹೂವೇ ನಿಲ್ಲಾಕಿಲ್ಲ, ಇಲ್ಲ ಕಣ್ರವ್ವಾ, ಸ್ನಾನ ಮಾಡಿ ನೇಮದಾಗೆ ನಾನೇ ಕಟ್ಟಿದ್ದು, ಎಂದ ಅಪ್ಪ, ಚಪ್ಪರದೊಳಗೆ ಅಮ್ಮ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು, ಏಕೆಂದರೆ ಅದನ್ನು ಕಟ್ಟಿದ ದಿನ ಅವಳು ಹೊರಗಾಗಿ ಎರಡನೇ ದಿನ, ಮಳೆ ನನ್ ಮೂರು ದಿನಕ್ಕೆ ಕಾಯ್ತದೇನೇ, ಚಿಗುರು ಕಾಯ್ತದೇನೇ, ಆವತ್ತಿನ ಗಿಡವೇ ಚೆನ್ನಾಗಿ ಕಚ್ಕಳದು ಕಣೇ, ಎನ್ನುತ್ತಿದ್ದಳು. ಆ ಮರದ ಹಣ್ಣು ಮೂವತ್ತೈದು ವರ್ಷದಿಂದ ದೊಡ್ಡಮನೆಯ ದೇವರ ಮುಂದೆ ಇದೆ, ದೇವರು ತಿನ್ನುತ್ತಲೇ ಇದ್ದಾನೆ. ಆಗ ನಾನೂ ನಕ್ಕಿದ್ದೆ. ಈಗ ಬರುವುದಿಲ್ಲ ನಗು. ಅರಸೀಕೆರೆಯಲ್ಲಿ ಸನ್ಮಾನ, ಶಾಲು, ಮೈಸೂರು ಪೇಟ, ನಿಮ್ಮ ಕಸಿಯ ಗುಟ್ಟೇನು ಎಂದು ವೇದಿಕೆಯ ಮೇಲೆ ಯಾರೋ ಕೇಳಿದರು, ಕೈಗುಣ, ಎಂದ ಅಪ್ಪ, ಬಲಗೈ ಎತ್ತಿ ತೋರಿಸಿ, ಸಭೆಯೆಲ್ಲ ಚಪ್ಪಾಳೆ, ಹೆಂಗಸರ ಸಾಲಿನಲ್ಲಿ ಊಟದ ಕ್ಯಾರಿಯರ್ ತೊಡೆಯ ಮೇಲಿಟ್ಟುಕೊಂಡು ಅಮ್ಮನೂ ತಟ್ಟಿದಳು, ನಾನು ಅವಳಿಗಿಂತ ಜೋರಾಗಿ ತಟ್ಟಿದೆ, ತಟ್ಟಿದ್ದು ಸಾಲದೆಂದು ಕಾಲೇಜಿನಲ್ಲಿ ನನ್ನ ತಂದೆಯ ಕೈ ಎಂದು ಪ್ರಬಂಧ ಬರೆದು ಮೊದಲ ಬಹುಮಾನ ತಂದೆ, ಅಮ್ಮ ಅದನ್ನು ಓದಿಸಿ ಕೇಳಿದಳು, ಚೆನ್ನಾಗಿ ಬರ್ದಿದೀಯ, ಎಂದಳು, ಸೊಪ್ಪು ಸೋಸುವುದನ್ನು ನಿಲ್ಲಿಸದೆ.

ಅಮ್ಮ ಮಸೆದ ಕಲ್ಲು ನನ್ನ ಹತ್ತಿರವೇ ಇದೆ, ತಿಥಿಯ ದಿನ ಒಡವೆ ಪಾತ್ರೆ ಎಲ್ಲ ಹಂಚಿಕೆಯಾದ ಮೇಲೆ ಯಾರಿಗೂ ಬೇಡವಾಗಿ ಬಚ್ಚಲ ಮೂಲೆಯಲ್ಲಿ ಉಳಿದಿತ್ತು, ನೀರು ಚಿಮುಕಿಸಿ ಅಲಗು ಇಟ್ಟರೆ ಅದರ ಸವೆದ ತಗ್ಗು ತಾನಾಗಿ ಅಲಗನ್ನು ಕರೆದುಕೊಳ್ಳುತ್ತದೆ, ಸರಕ್ ಸರಕ್, ಬಲಗೈಯಲ್ಲಿ ಮಸೆದರೆ ತಗ್ಗಿಗೆ ಕೂರದು, ಕೈ ಬದಲಿಸಿದೆ, ಕೂತಿತು, ಏನಿದು, ಎಡಗೈ ಎಷ್ಟು ಸಲೀಸಾಗಿ — ಎಡಗೈ, ನನ್ನದೇ, ಐದು ವರ್ಷದವರೆಗೆ ನಾನು ಇದರಲ್ಲೇ ಉಂಡದ್ದು, ಇದರಲ್ಲೇ ಮಣ್ಣಿನಲ್ಲಿ ಗೀಚಿದ್ದು, ಆಮೇಲೆ ಸ್ಕೂಲಿಗೆ ಸೇರಿಸುವ ಹಿಂದಿನ ವಾರ ಅಮ್ಮ, ಅಪ್ಪನಲ್ಲ, ಅಮ್ಮನೇ, ನನ್ನ ಎಡ ಮಣಿಕಟ್ಟಿಗೆ ಹಳೆ ಸೀರೆಯ ಅಂಚು ಸುತ್ತಿ ಲಂಗದ ಲಾಡಿಗೆ ಬಿಗಿದು ಕಟ್ಟಿದಳು, ಅಳುತ್ತಿದ್ದರೂ ಬಿಚ್ಚಲಿಲ್ಲ, ಒಂದು ತಿಂಗಳು, ಕಸಿಗೆ ಪಟ್ಟಿ ಸುತ್ತುವುದನ್ನು ಮುಂದೆ ನೋಡಿದಾಗ ನನಗೆ ಗುರುತು ಸಿಕ್ಕಿತು, ಅದೇ ಬಿಗಿ, ಅದೇ ಗಂಟು, ಇನ್ನೊಬ್ಬರ ಮನೆಗೆ ಹೋಗೋಳು, ನನ್ನಂಗೆ ಅನ್ನಿಸ್ಕಬೇಡ, ಇದೊಂದೇ ಅವಳು ಕೊಟ್ಟ ಕಾರಣ, ತನ್ನ ಕೈಗಾಗಿ ಉಕ್ಕನ್ನೇ ಇಪ್ಪತ್ತು ದಿನ ತೇಯ್ದವಳು ಮಗಳ ಕೈಯನ್ನು ಹೀಗೆ ಮುರಿದಳಲ್ಲ, ಅದಕ್ಕೂ ಹಟ ಬೇಕಲ್ಲವೇ, ಅಪ್ಪನ ಮೇಲಿನ ಸಿಟ್ಟು ಒಂದು ತರಹ, ಗೋಡೆಗೆ ಗುದ್ದಿದ ಹಾಗೆ, ಅಮ್ಮನ ಮೇಲಿನದು ಹಾಗಲ್ಲ, ಅದು ಒಳಗೇ ಕೊಯ್ಯುತ್ತದೆ, ಯಾಕಮ್ಮ ಒಂದು ಸಲವೂ ಕಟ್ಟಿದ್ದು ನಾನು ಅನ್ನಲಿಲ್ಲ, ಸನ್ಮಾನದ ದಿನ ಬೇಡ, ಅಪ್ಪ ಸತ್ತ ಮೇಲಾದರೂ, ಗಂಗಾಧರಯ್ಯ ಹೋದ, ಅವನ ಜೊತೆ ಕೈಗುಣಾನೂ ಹೋಯ್ತು ಎಂದು ಊರೆಲ್ಲ ಮರುಗಿದಾಗ ನೀನು ಏನು ಮಾಡಿದೆ, ಚಾಕು ಮಡಿಸಿ ಧಾರೆ ಸೀರೆಯಲ್ಲಿ ಸುತ್ತಿಟ್ಟೆ, ಕಟ್ಟುತ್ತ ಹೋದರೆ ಸುಳ್ಳು ಬಯಲಾಗುತ್ತದೆಂದು, ಸತ್ತವನ ಮರ್ಯಾದೆ ಕಾಯಲಿಕ್ಕೆ ಹನ್ನೊಂದು ವರ್ಷ ಆ ಕೈಯನ್ನು ಸುಮ್ಮನೆ ಮಡಿಲಲ್ಲಿ ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದೆ, ನಾನು ಬಂದು ಹೋಗಿ ಮಾಡುತ್ತಿದ್ದೆ, ನಿನಗೆ ಸಂಧಿವಾತದ ಮಾತ್ರೆ ತಂದುಕೊಡುತ್ತಿದ್ದೆ, ಕೈ ಯಾಕೆ ನೋಯುತ್ತದೆಂದು ಕೇಳಲೇ ಇಲ್ಲ. ಬಿಡೇ, ಒಂದು ಚಾಕುಗೆ ಇಷ್ಟೊತ್ತಾ, ಕಾಫಿ ಮಾಡಾದಿಲ್ವಾ, ಎಂದು ನಮ್ಮವರು ಅಡುಗೆಮನೆ ಕಿಟಕಿಯಿಂದ, ಮಾಡ್ಕೊಳ್ಳಿ ನೀವೇ, ಎಂದೆ, ಪಾಪ ಅವರದೇನು ತಪ್ಪು, ಆದರೂ ಇವತ್ತು ಮಾಡಿಕೊಳ್ಳಲಿ. ನನ್ನ ಕ್ಲಾಸಿನಲ್ಲಿ ಇಂದು ಎನ್ನುವ ಹೆಸರಿನ ಹುಡುಗಿ, ಎಡಗೈಯಲ್ಲಿ ದುಂಡಗೆ ಬರೆಯುತ್ತಾಳೆ, ಸ್ವಲ್ಪ ಕೈ ಬದಲಾಯಿಸ್ಬಿಡಿ ಮಿಸ್ಸೇ ಎಂದು ಅವಳಮ್ಮ ಬಂದಾಗ, ಅದು ಆಗೋದಿಲ್ಲ ಕಣಮ್ಮ ಎಂದು ನಾನು ಎಷ್ಟು ಜೋರಾಗಿ ಅಂದೆನೆಂದರೆ ಪಕ್ಕದ ಕ್ಲಾಸಿನ ಪಾಠ ನಿಂತಿತು.

ಚಾಕು, ಕತ್ತರಿ, ಈಳಿಗೆ, ಕುಡುಗೋಲು, ಸಾಣೇ — ಬಂದ, ಬೀದಿಯ ಆ ತುದಿಯಲ್ಲಿ, ಮೊಪೆಡ್ಡಿಗೆ ಕಟ್ಟಿದ ಸ್ಪೀಕರು, ಹಿಂದೆ ಮೋಟಾರಿನ ಸಾಣೆಚಕ್ರ, ಶನಿವಾರ ಬರುತ್ತಾನೆಂದು ಗೊತ್ತಿದ್ದೇ ರಘು ಹೇಳಿದ್ದು, ಫೋನು ಕೂಡ ಅದೇ ಹೊತ್ತಿಗೆ, ಪೇಪರಿನ ಮೇಲೆ ಗುಂಯ್‌ಗುಟ್ಟುತ್ತ, ಎಣ್ಣೆಯ ಬೆರಳಲ್ಲೇ ಎತ್ತಿಕೊಂಡೆ, ಮುಗೀತಾ ಅಕ್ಕ, ಬೆಳಗ್ಗೆ ಒಂಬತ್ತಕ್ಕೆಲ್ಲ ಬಂದ್ಬಿಡಿ, ಭಾಷಣ ಬರೆಸ್ಕಂಡಿದೀನಿ, ಅಪ್ಪನ ಕೈಗುಣ ಅಂತಲೇ ಶುರು, ನಿನ್ನ ಹಳೇ ಪ್ರಬಂಧದಿಂದ ಎರಡು ಸಾಲು ಹಾಕಿದೀನಿ ಕಣಕ್ಕ. ನನ್ನ ಪ್ರಬಂಧದಿಂದ. ರಘು, ಅಮ್ಮ ಯಾವ ಕೈಲಿ ಕಸಿ ಕಟ್ತಿದ್ಲು, ನೆನಪಿದೆಯಾ, ಎಂದೆ. ಯಾವ ಕೈಲೀ, ಎಂದು ರಾಗ ಎಳೆದ ಅವನು, ಐದನೇ ಕ್ಲಾಸಿಗೇ ಹಾಸ್ಟೆಲು ಸೇರಿದವನು, ರಜೆಯಲ್ಲಿ ಬಂದರೆ ಹಣ್ಣು ತಿನ್ನುತ್ತಿದ್ದ, ನಿಜವಾಗಿಯೂ ನೆನಪಲ್ಲಿ ಹುಡುಕುತ್ತಿದ್ದಾನೇನೋ ಎಂದು ಒಂದು ಕ್ಷಣ ಆಸೆಯಾಯಿತು ನನಗೆ. ಅಮ್ಮ ಎಲ್ಲಿ ಕಟ್ತಿದ್ಲು, ಅಪ್ಪಂಗೆ ಸಹಾಯ ಮಾಡ್ತಿದ್ಲು, ಪಟ್ಟಿ ಗಿಟ್ಟಿ ಎತ್ಕೊಡ್ತಿದ್ಲು, ಅದನ್ನೂ ಒಂದು ಮಾತು ಹೇಳ್ತೀನಿ ಬಿಡು, ಸಾಣೆಗೆ ಕೊಟ್ಟೆ ತಾನೇ. ಸ್ಪೀಕರು ನಮ್ಮ ಗೇಟಿನ ಮುಂದೆ, ಚಾಕು, ಕತ್ತರಿ, ಈಳಿಗೆ, ಪಕ್ಕದ ಮನೆಯಾಕೆ ಈಳಿಗೆ ಹಿಡಿದು ಚಪ್ಪಲಿ ಎಳೆಯುತ್ತ ಹೋದ ಸದ್ದು, ಚಕ್ರ ಕಿರುಗುಟ್ಟಿ ಉಕ್ಕು ಸುಟ್ಟ ವಾಸನೆ ಕಾಂಪೌಂಡು ದಾಟಿ ಬಂತು, ಹ್ಞೂಂ, ಎಂದೆ, ಆಯ್ತು, ಎಂದೆ, ಅವನು ಥ್ಯಾಂಕ್ಸ್ ಕಣಕ್ಕ ಎಂದು ಇಟ್ಟ, ನಾನು ಏಳಲಿಲ್ಲ, ಸರಕ್ ಸರಕ್, ಸ್ಪೀಕರು ಮುಂದಿನ ತಿರುವಿಗೆ ಹೋಯಿತು, ಕುಡುಗೋಲು, ಸಾಣೇ, ಇನ್ನೂ ದೂರ, ಆಮೇಲೆ ಇಲ್ಲ. ಕೂದಲೊಂದನ್ನು ಕಿತ್ತು ಅಲಗಿಗೆ ತಾಗಿಸಿದೆ, ಎರಡಾಯಿತು, ಒಂದೇ ಎಳೆತಕ್ಕೆ. ಗೋಡೆಯ ಬುಡದಲ್ಲಿ ಹಾಲಿನ ಪ್ಯಾಕೆಟ್ಟುಗಳಲ್ಲಿ ನಾನು ಹಾಕಿದ ವಾಟೆ ಸಸಿಗಳು, ಐದು, ಪೆನ್ಸಿಲ್ ದಪ್ಪ ಆಗಿವೆ, ಯಾಕೆ ಹಾಕಿದೆನೆಂದು ಕೇಳಿದವರಿಗೆ ಸುಮ್ಮನೆ ಎಂದಿದ್ದೆ, ನನಗೂ ಗೊತ್ತಿರಲಿಲ್ಲ. ನಾಳೆ ಹೋಗುತ್ತೇನೆ, ಸೀರೆ ಉಟ್ಟು, ಹೂ ಮುಡಿದು, ಎಲ್ಲರ ಜೊತೆ ಮಾತಾಡಿ, ರಿಬ್ಬನ್ನಿಗೆ ಕತ್ತರಿ ಯಾರ ಮನೆಯಲ್ಲಾದರೂ ಸಿಗುತ್ತದೆ, ಊಟಕ್ಕೆ ಎಲೆ ಹಾಕುವ ಹೊತ್ತಿಗೆ ತವರಿನ ಬಚ್ಚಲ ಹಿಂದೆ ಹೋಗಿ ಅಮ್ಮ ಕಟ್ಟಿ ನೆಟ್ಟ ಮರದಿಂದ ಐದು ಚಿಗುರುಕಡ್ಡಿ ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಳ್ಳುತ್ತೇನೆ, ತಂದು ಈ ಐದಕ್ಕೆ ಕಟ್ಟುತ್ತೇನೆ, ಎಡಗೈಯಲ್ಲೇ, ಒಣಗಿದರೆ ಒಣಗಲಿ, ಮುಂದಿನ ವರ್ಷ ಮತ್ತೆ ಐದು. ಇದನ್ನು ಯಾರಿಗೂ ಹೇಳುವುದಿಲ್ಲ, ಹೇಳಿದರೆ ಅದಕ್ಕೂ ಯಾರದಾದರೂ ಹೆಸರಿಡುತ್ತಾರೆ. ಅಕ್ಕ, ಎಲ್ಲಿ ಅಪ್ಪನ ಚಾಕು, ಎಂದು ನಾಳೆ ರಘು ಜನರ ಕಡೆ ಮುಖ ಮಾಡಿಕೊಂಡೇ ಹಿಂದಕ್ಕೆ ಕೈ ಚಾಚುತ್ತಾನೆ, ಅಂಗೈ ಮೇಲೆ ಮಾಡಿ, ನೋಡದೆ, ಚಾಚಲಿ, ಅಂಗೈ ಹಾಗೇ ಇರಲಿ ಗಾಳಿಯಲ್ಲಿ, ನಾನು ಈಗ ಅಲಗು ಒರೆಸುತ್ತೇನೆ, ಮಡಿಸುತ್ತೇನೆ, ಈ ಸಲ ಕೀಲು ಸದ್ದು ಮಾಡುವುದಿಲ್ಲ, ಚಪ್ಪರದ ನೆರಳಲ್ಲಿ ಅಮ್ಮನ ಎಡಗೈ ಚಾಕು ಹಿಡಿದು ಮುಂದಕ್ಕೆ ಬರುತ್ತದೆ, ಬರುತ್ತದೆ, ಆ ಅಂಗೈಗೆ ಇನ್ನು ಗೇಣು ಇರುವಾಗ, ಅವಳ ಕೈ ಚಾಕುವಿನ ಸುತ್ತ ಬೆರಳು ಮಡಿಸಿಕೊಂಡು —