ಬಾಲ ಊರಿ ಕೂತ ವಿಮಾನ

ರಾಕೆಟ್ ಎಂಬ ಅಡ್ಡಹೆಸರಿನ ಆಸಾಮಿ ಒಂದು ಸಲ ಕಣ್ಣು ಮುಚ್ಚಿಕೊಂಡೇ ವಿಮಾನದಲ್ಲಿ ಸಮುದ್ರ ದಾಟಿದ್ದನಂತೆ. ನಡುದಾರಿಯಲ್ಲಿ ಎಡರೆಕ್ಕೆ ಕಳಚಿ ನೀರಿಗೆ ಬಿತ್ತು. ಇವನು ಕಿಟಕಿಯಿಂದ ಎಡಗೈ ಹೊರಚಾಚಿ, ಬಲಗೈಯಲ್ಲಿ ಚಹಾ ಹೀರುತ್ತ, ಆಚೆ ದಡದಲ್ಲಿ ಹೂವಿನಂತೆ ಇಳಿಸಿದ. ನೋಡಲು ತಿಮಿಂಗಿಲಗಳು ಎದ್ದು ನಿಂತವು. ನಂಬದವರಿಗೆ ಅವನು ಎಡತೋಳು ತೋರಿಸುತ್ತಿದ್ದ. ಅಂದಿನಿಂದ ಅದು ಚೂರು ಉದ್ದವಂತೆ.

ಇಂಥ ಮಹಾಪುರುಷನಿಗೆ ಅಕ್ಕನ ತಯಾರಿ ಕಂಡರೆ ನಗು. ಹೊಲಗಳಿಗೆ ಔಷಧ ಸಿಂಪಡಿಸುವ ವಿಮಾನ ಹಾರಿಸಿಯೇ ಬದುಕು ಕಟ್ಟಿಕೊಂಡವಳು ಅಕ್ಕ. ಈಗ ತನ್ನ ಪುಟ್ಟ ವಿಮಾನದಲ್ಲಿ ಭೂಮಿ ಸುತ್ತುವ ಪಂದ್ಯಕ್ಕೆ ಹೊರಟಿದ್ದಳು. ಇಬ್ಬರಿರಲೇಬೇಕೆಂಬುದು ಪಂದ್ಯದ ನಿಯಮ. ಜೊತೆಗೆ ಬರಬೇಕಿದ್ದ ಗೆಳತಿ ಸ್ಕೂಟರಿನಿಂದ ಬಿದ್ದು ಕೈ ಮುರಿದುಕೊಂಡಿದ್ದೇ ತಡ, ಆ ಸೀಟು ತನ್ನದೆಂದು ರಾಕೆಟ್ ಬೀದಿಗೆಲ್ಲ ಸಾರಿಬಿಟ್ಟ. ಕ್ಷೌರದಂಗಡಿಯವನು "ಲೋಕ ಸುತ್ತೋ ತಲೆ ಇದು" ಎಂದು ಪುಕ್ಕಟೆ ಕಟಿಂಗ್ ಮಾಡಿದ್ದ.

"ಭೂಮಿ ಏನ್ ಮಹಾ? ಒಂದು ಚೆಂಡು. ಮೂಗಿನ ನೇರಕ್ಕೆ ಹೋದ್ರೆ ಹಿತ್ತಲ ಬಾಗಿಲಿಂದ ಮನೆಗೆ ಬರ್ತೀವಿ. ಇದಕ್ಕೆ ಇಷ್ಟು ರಂಪಾನಾ ಅಕ್ಕ?"

"ಸೀಟು ಬೇಕಾದ್ರೆ ನಾಳೆ ಬೆಳಗಿಂದ ಸಂಜೆವರೆಗೂ ಅದ್ರಲ್ಲಿ ಕೂತು ತೋರ್ಸು. ಸಮುದ್ರದ ಮೇಲೆ ಅಷ್ಟು ಹೊತ್ತು ಕೂರ್ಬೇಕು. ಆಗಾಗ ಕೈಪಂಪು ಒತ್ತಿ ಹಿಂದಿನ ಟ್ಯಾಂಕಿನ ಪೆಟ್ರೋಲು ರೆಕ್ಕೆಯೊಳಗಿನ ಟ್ಯಾಂಕಿಗೆ ಏರಿಸ್ಬೇಕು. ಅಷ್ಟೇ ನಿನ್ನ ಕೆಲ್ಸ."

"ಕೂರೋದಾ? ನಾನು ಹುಟ್ಟಿದ್ದೇ ಕೂರೋಕೆ!"

"ಅದನ್ನ ನೀನು ಹುಟ್ಟಿದಾಗಿಂದ ನೋಡ್ತಾನೇ ಇದೀನಿ," ಎಂದಳು ಅಕ್ಕ.

ಮರುದಿನ ಶೆಡ್ಡಿನಲ್ಲಿ ವಿಮಾನ ಸಿದ್ಧವಾಗಿತ್ತು. ಹಿಂದಿನ ಸೀಟು ಕಿತ್ತು ಕೂರಿಸಿದ್ದ ಹೊಸ ಟ್ಯಾಂಕಿಗೆ ಪರೀಕ್ಷೆಗೆಂದು ಕಂಠಮಟ್ಟ ನೀರು ತುಂಬಿತ್ತು. ಅಕ್ಕನ ಸೀಟಿನಲ್ಲಿ ಅವಳ ಬದಲು ಮರಳಿನ ಚೀಲ. ಬಾಲದ ಕೆಳಗೆ ಆಸರೆಗೆ ಒಂದು ಸ್ಟೂಲು. ರಾಕೆಟ್ ಸಿಂಹಾಸನ ಏರಿದಂತೆ ಏರಿದ.

"ಸಾರ್, ಹಿಂದೆ ಭಾರ ಜಾಸ್ತಿ. ಮುಂದೆ ನೀವಿಲ್ದಿದ್ರೆ..." ಎಂದು ಮೆಕ್ಯಾನಿಕ್ ಬಾಯಿ ತೆರೆದ.

"ನಾನಿಲ್ದಿದ್ರೆ ಏನೂ ನಡಿಯಲ್ಲ ಅಂತ ಗೊತ್ತು ಕಣಯ್ಯ. ಆಕಾಶದ ವಿಷ್ಯ ನಂಗ್ಬಿಡು. ನೀನು ನಟ್ಟು ಬಿಗಿ."

"ಹಂಗೇ ಆಗ್ಲಿ ಬಿಡಿ." ಮೆಕ್ಯಾನಿಕ್ ಬಾಗಿಲು ಹಾಕಿ, ಬಾಲದಡಿಯ ಸ್ಟೂಲನ್ನು ಎಳೆದುಕೊಂಡು ತಿಂಡಿ ತಿನ್ನಲು ಹೊರಗೆ ಹೋದ.

ರಾಕೆಟ್ ಎರಡು ಸಲ ಸಿಳ್ಳೆ ಹಾಕಿದ. ಮೊಣಕಾಲು ಮುಂದಿನ ಹಲಗೆಗೆ ತಾಗುತ್ತಿತ್ತು, ತಲೆ ಚಾವಣಿಗೆ. ಪಕ್ಕದ ಮರಳಿನ ಚೀಲ ಅಕ್ಕನಂತೆಯೇ ಮಾತಿಲ್ಲದೆ ಕೂತಿತ್ತು. ಮೈ ಕದಲಿಸಿದಾಗ ಬೆನ್ನ ಹಿಂದೆ ಟ್ಯಾಂಕು ಗುಳುಗುಳು ಎಂದಿತು. ಅಷ್ಟೇ. ಅವನ ಕಿವಿಗೆ ಏಳು ಸಮುದ್ರಗಳೂ ಒಟ್ಟಿಗೆ ನುಗ್ಗಿದವು. ಅಂಗಿ ಬೆನ್ನಿಗಂಟಿತು. ಇದು ಭಯವಲ್ಲ, ಸೆಖೆ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡ. ಹೊರಗೆ ನೆರಳಲ್ಲಿ ಕೂತಿದ್ದು, ಸಂಜೆ ಮೆಲ್ಲಗೆ ಒಳಸೇರಿದರೆ ಯಾವ ದಡ್ಡನಿಗೆ ತಿಳಿಯುತ್ತದೆ?

ಬಾಗಿಲು ತೆರೆದು ಕಾಲು ನೆಲಕ್ಕಿಟ್ಟ. ಹಿಂದೆ ಏನೋ ನಿಟ್ಟುಸಿರು ಬಿಟ್ಟಂತಾಯಿತು. ವಿಮಾನ ಮೂಗನ್ನು ನಿಧಾನವಾಗಿ ಮೇಲೆತ್ತಿ, ಇವನನ್ನೊಮ್ಮೆ ತಾತ್ಸಾರದಿಂದ ನೋಡಿ, ಧಡ್ಡೆಂದು ಬಾಲ ಊರಿ ಕೂತಿತು. ಊಟಕ್ಕೆ ಕಾದ ನಾಯಿ ಹೀಗೇ ಕೂರುವುದು.

ಸದ್ದು ಕೇಳಿ ಅಕ್ಕ, ಹಿಂದೆಯೇ ಮೆಕ್ಯಾನಿಕ್ ಓಡಿ ಬಂದರು. ರಾಕೆಟ್ ವಿಮಾನದ ಮೂಗಿಗೆ ಎರಡೂ ಕೈಯಲ್ಲಿ ಜೋತು ಬಿದ್ದಿದ್ದ.

"ಏನೋ ಇದು?"

"ಟೇಕಾಫ್ ಪ್ರಾಕ್ಟೀಸ್ ಅಕ್ಕ. ಮೂಗು ಎಷ್ಟು ಎತ್ತುತ್ತೆ ಅಂತ ನೋಡ್ತಿದ್ದೆ."

"ಹೊರಗೆ ನಿಂತ್ಕೊಂಡಾ?" ಮೆಕ್ಯಾನಿಕ್ ಕಿಸಕ್ಕನೆ ನಕ್ಕ. "ಅದಕ್ಕೇ ಸಾರ್ ಆಗ್ಲೇ ಹೇಳೋಕೆ ಬಂದೆ, ನೀವಿಳಿದ್ರೆ ಬಾಲ ಕೂರುತ್ತೆ ಅಂತ."

ಅಕ್ಕ ನಗಲಿಲ್ಲ. ಬಾಲದ ತುದಿಯ ತಗಡು ನೆಗ್ಗಿತ್ತು; ಅದನ್ನು ಬೆರಳಿಂದ ಸವರಿ ನೋಡಿ ತಮ್ಮನ ಎದುರು ಬಂದು ನಿಂತಳು. "ಇದನ್ನ ತಟ್ಟಿ ಸರಿ ಮಾಡ್ಬಹುದು. ಸಮುದ್ರದ ಮಧ್ಯ ನೀನು ಆ ಪಂಪು ಒತ್ತದೆ ಗಡಗಡ ಅಂತ ನಡುಗ್ತಾ ಕೂತ್ರೆ ಇಬ್ರೂ ನೀರುಪಾಲು. ನನ್ನ ಜೀವದ ಪ್ರಶ್ನೆ ಕಣೋ. ಈಗ ಒಂದ್ಸಲ ನಿಜ ಹೇಳು."

ರಾಕೆಟ್ ಮೂಗು ಬಿಟ್ಟು ನೆಲಕ್ಕಿಳಿದ. ಉದ್ದದ ಎಡಗೈಯನ್ನು ಎಲ್ಲಿಡುವುದೆಂದು ತಿಳಿಯದೆ ಜೇಬಿಗೆ ತುರುಕಿದ.

"ಕಾಲು ಗಂಟೆನೂ ಕೂರೋಕಾಗ್ಲಿಲ್ಲ ಅಕ್ಕ. ಭಯ. ಹಾರಿದ್ದೂ ಒಂದೇ ಸಲ, ನೀನು ಊರ ಮೇಲೆ ಒಂದು ಸುತ್ತು ಹಾಕಿಸಿದ್ಯಲ್ಲ, ಅಷ್ಟೇ."

"ಅವತ್ತು ಮನೆಗಳೆಲ್ಲ ಬೆಂಕಿಪೊಟ್ಟಣ ಥರ ಕಂಡ್ವು ಅಂದಿದ್ದೆ?"

"ಯಾರೋ ಹೇಳಿದ್ದು ಕೇಳಿದ್ದೆ. ನಾನೆಲ್ಲಿ ನೋಡ್ದೆ?" ರಾಕೆಟ್ ನೆಲ ನೋಡಿದ. "ಕಣ್ಣು ಮುಚ್ಕೊಂಡಿದ್ದೆ. ನನ್ನ ಕಥೇಲಿ ಅದೊಂದೇ ನಿಜ."